ಎರಡು ಕಂಪ್ಯೂಟರುಗಳ ಜೋಡಾಟ

ಸಾಲಿಗ್ರಾಮ
೯ ಫೆಬ್ರವರಿ ೨೦೨೫, ಸಂಜೆ ಆರು ಗಂಟೆ

ಪ್ರೀತಿಯ ಹೃಷಿಕೇಶ,

ಹಡಗಿನಲ್ಲಿ ಊಟ ಸರಿಹೋಗುತ್ತದೆಯೇ? ಬೆನ್ನುನೋವು ಕಡಿಮೆಯಾಯಿತೇ? ನನ್ನ ಬಗ್ಗೆ ಚಿಂತೆ ಬೇಡ. ಇವತ್ತು ಮಧ್ಯಾಹ್ನದ ಊಟ ಸಂಜೆಗಾಯಿತು, ಆದರೆ ಎರಡು ಸಲ ಹುಳಿ ಬಡಿಸಿಕೊಂಡೆ. ನಿನ್ನ ಅಣ್ಣ ಹೋದ ಮೇಲೆ ಹಾಗೆ ಉಂಡದ್ದು ಇದೇ ಮೊದಲು.

ಅವರು ಕೊನೆಯದಾಗಿ ವಿಡಿಯೊ ಮಾಡಿದ ಯಕ್ಷಗಾನವು ನಮ್ಮ ಸ್ಟುಡಿಯೊದ ಹಳೆಯ ಕಂಪ್ಯೂಟರಿನಲ್ಲಿ ಜೋಡಣೆಯಾಗದೆ ಉಳಿದದ್ದು ನಿನಗೆ ಗೊತ್ತೇ ಇದೆ. ಮೂರು ಕ್ಯಾಮರಾ, ಇಡೀ ರಾತ್ರಿಯ ಆಟ. ಅದನ್ನು ಮೇಳದವರಿಗೆ ಮುಗಿಸಿ ಕೊಡಲಾಗದಿದ್ದರೆ ಸ್ಟುಡಿಯೊ ಮುಚ್ಚುತ್ತೇನೆ ಎಂದು ನಿನಗೆ ಮಾತು ಕೊಟ್ಟಿದ್ದೆ. ಹೊಸ ವರ್ಕ್‌ಸ್ಟೇಷನ್ ಬೇಕೇ ಬೇಕು, ಆದರೆ ಯಾವುದು? ಕುಂದಾಪುರದ ಅಂಗಡಿಯಲ್ಲಿದ್ದದ್ದು ನಿನ್ನ ಅಣ್ಣ ನಂಬಿದ್ದ ಕಂಪನಿಯದು. ಚಂದದ ಪೆಟ್ಟಿಗೆ, ಸದ್ದೇ ಇಲ್ಲ, ಕೆಟ್ಟರೆ ಕಂಪನಿಯವರೇ ಬರುತ್ತಾರೆ. ಇನ್ನೊಂದು ಬೈಂದೂರಿನ ಪ್ರವೀಣ್ ಬಿಡಿಭಾಗ ತಂದು ಜೋಡಿಸಿದ್ದು. ಮೆಮೊರಿ ದುಪ್ಪಟ್ಟು, ಯಾವ ಭಾಗ ಬೇಕಾದರೂ ಬದಲಿಸಬಹುದು, ಆದರೆ ಫ್ಯಾನಿನ ಸದ್ದು ಅಕ್ಕಿ ಗಿರಣಿಯಂತೆ. ನಮ್ಮ ಕ್ಯಾಮರಾದ ಪದ್ದುವಿಗೆ ಅದೇ ಬೇಕು. ನನಗೆ ನಿನ್ನ ಅಣ್ಣ ನಂಬಿದ್ದೇ ಬೇಕು.

ಅಂಗಡಿಯ ಏಸಿಯಲ್ಲಿ ನೋಡಿದರೆ ಎರಡೂ ಒಂದೇ. ಅದಕ್ಕೆ ಎರಡನ್ನೂ ಒಂದು ದಿನಕ್ಕೆ ಕೇಳಿ ತಂದು, ಎರಡು ಮೇಳಗಳು ಅಕ್ಕಪಕ್ಕ ರಂಗಸ್ಥಳ ಹಾಕಿ ಒಂದೇ ಪ್ರಸಂಗ ಆಡುವ ಜೋಡಾಟದ ಹಾಗೆ, ನಮ್ಮ ಸೆಕೆಯ ಕೋಣೆಯಲ್ಲೇ ಬೆಳಿಗ್ಗೆ ಇಡೀ ಆಟವನ್ನು ಎರಡಕ್ಕೂ ಕೊಟ್ಟೆವು. ಮಧ್ಯಾಹ್ನದವರೆಗೆ ನನ್ನದೇ ಮುಂದೆ! ನಾನು ಬೀಗುತ್ತಲೇ ಇದ್ದೆ. ಬಿಸಿಲೇರಿದ ಮೇಲೆ ಅದು ಕಾದು ನಿಧಾನವಾಯಿತು, ಕೊನೆಗೆ ನಿಂತೇಬಿಟ್ಟಿತು. “ಎಂತ ತುಂಗಕ್ಕ, ನಿಮ್ಮ್ ಮೇಳದ ಭಾಗ್ವತ್ರಿಗೆ ಗಂಟ್ಲ್ ಕಟ್ತಾ?” ಎಂದ ಪದ್ದು. ನನಗೆ ಅಳು ಬಂದಿತ್ತು, ಆದರೂ ನಕ್ಕೆ. ಆ ಗಿರಣಿಯ ಸದ್ದಿಗೆ ನಾನು ಮುಖ ಕಿವುಚಿದರೆ, ಕಂಪ್ಯೂಟರಿನ ಜೊತೆಗೇ ಬಂದಿದ್ದ ಪ್ರವೀಣ್ ಹೇಳಿದ, “ಬೊಬ್ಬೆ ಹೊಡಿಲಿ ಅಕ್ಕ, ಕೆಲ್ಸ ನಿಲ್ಸುದಿಲ್ಲ.” ನಿಲ್ಲಿಸಲಿಲ್ಲ. ನಾಲ್ಕು ಗಂಟೆಗೆ ಆಟ ಪೂರ್ತಿ ಹೊರಬಂತು.

ಮೇಳದ ಯಜಮಾನರು ದಾಮೋದರಣ್ಣ ಬ್ರಹ್ಮಾವರದಿಂದ ಓಡಿ ಬಂದು ಕೊನೆಯ ಭಾಗ ಕೂತು ನೋಡಿದರು. ಬೆಳಗಿನ ಮಂಗಳದವರೆಗೂ ನಿನ್ನ ಅಣ್ಣನ ಕ್ಯಾಮರಾ ಒಂದು ಸಲವೂ ನಡುಗಿಲ್ಲ. ಮೈ ಹುಷಾರಿಲ್ಲ ಎಂದು ನಿನ್ನ ಅಣ್ಣ ಆ ರಾತ್ರಿಯೇ ಹೇಳುತ್ತಿದ್ದರು, ಪಾಪ. ದಾಮೋದರಣ್ಣ ಕಣ್ಣೊರಸಿಕೊಂಡು, “ಮುಂದಿನ್ ಆಟಕ್ಕೂ ನೀವೇ ಬನಿ ಮಾರಾಯ್ತಿ” ಎಂದರು. ನನ್ನ ಪಕ್ಷ ಸೋತಿತು ಹೃಷಿಕೇಶ, ಆದರೆ ನಾನು ಗೆದ್ದೆ. ಪ್ರವೀಣನ ಕಂಪ್ಯೂಟರ್ ಇಲ್ಲೇ ಉಳಿಯಿತು.

ಗುರುನರಸಿಂಹ ನಿನ್ನನ್ನು ನೀರಿನ ಮೇಲೆ ಕಾಯಲಿ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು.

ನಿನ್ನ ಅತ್ತಿಗೆ,
ತುಂಗಾ

ಮರೆತಿದ್ದೆ: ಸ್ಟುಡಿಯೊ ಕೋಣೆ ಬಾಡಿಗೆಗೆ ಕೊಡಲು ನೀನು ಬೇಕರಿಯವರನ್ನು ನೋಡಿಟ್ಟಿದ್ದೆಯಲ್ಲ, ಕೋಣೆ ಕೊಡುವುದಿಲ್ಲ ಎಂದು ಅವರಿಗೆ ಹೇಳಿಯಾಯಿತು. ಬೇಸರ ಮಾಡಬೇಡ. ನಾಳೆ ಕೊಕ್ಕರ್ಣೆಯಲ್ಲಿ ಮದುವೆ ಇದೆ. ಒಂದು ಕ್ಯಾಮರಾ ಪದ್ದುವಿನದು, ಇನ್ನೊಂದು ನನ್ನದು.