ಮಾಳಿಗೆ ಮೇಲಿಂದ ನೋಡಿದ ಕುಬುಸ

ಗರ್ಭಶ್ರೀಮಂತ ಮೊಮ್ಮಗುವಿಗೆ,

ಮೊದಲು ಒಂದು ಕಳ್ಳತನದ ತಪ್ಪೊಪ್ಪಿಗೆ. ನಿನ್ನ ಅವ್ವ ಹೇಮಾಳ ಸೀಮಂತದ ಕುಬುಸಕ್ಕೆಂದು ನಿನ್ನ ಅಜ್ಜಿ ಪಂಪಾವತಿ ಬುಟ್ಟಿ ತುಂಬಿಸಿ, ಮೇಲೆ ಹಸಿರು ರವಿಕೆ ಕಣ ಮುಚ್ಚಿಟ್ಟಿದ್ದ ಕರ್ಜಿಕಾಯಿಗಳಲ್ಲಿ ಒಂದನ್ನು ಗುರುವಾರ ಬೆಳಿಗ್ಗೆ, ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ ಕದ್ದು ಜುಬ್ಬಾದ ಜೇಬಿಗೆ ಇಳಿಸಿದವನು ನಾನೇ. ಕುಬುಸದ ತಿನಿಸು ಬಸುರಿಯದು, ಅಂದರೆ ಅರ್ಧ ಮಾಲು ನಿನ್ನದು. ಇನ್ನೂ ಹುಟ್ಟದವರ ಆಸ್ತಿಗೆ ಕನ್ನ ಹಾಕಿದೆನಲ್ಲ ಎಂದು ನಾಚಿಕೆಯಾಯಿತು. ಆದರೆ ನಾನು ಕನ್ನಡದ ಲೆಕ್ಚರರ್ ಆಗಿದ್ದವನು. ಕನ್ನ ನನ್ನ ವಿಷಯದ ಹೆಸರಿನಲ್ಲೇ ಇದೆ.

ಶಿಕ್ಷೆ ವಿಧಿಸುವ ಮುನ್ನ ಆ ದಿನ ನಾನು ಎಲ್ಲಿಗೆ ಹೊರಟಿದ್ದೆ ಎಂಬುದನ್ನೂ ಕೇಳಿಬಿಡು. ಗಂಡಸರ ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಎಂಬ ಪುಟ್ಟ ಗ್ರಂಥಿ ಇರುತ್ತದೆ. ನನ್ನದರಲ್ಲಿ ಕ್ಯಾನ್ಸರ್ ಬಂದು ಕೂತಿತು. ಹೋದ ವರ್ಷ ಗ್ರಂಥಿಯನ್ನೇ ಕಿತ್ತು ತೆಗೆದರು. ಹಳಗನ್ನಡದಿಂದ ಹೊಸಗನ್ನಡಕ್ಕೆ ಬಂದಂತಾಯಿತು ನನ್ನ ಸ್ಥಿತಿ: ಪ್ರಾಸ ಹೋಯಿತು, ತ್ರಾಸ ಉಳಿಯಿತು. ಆಮೇಲೆ ಆಗಾಗ ರಕ್ತ ಪರೀಕ್ಷೆ. ಹಿಂದಿನ ಬೆಂಚಿನ ಹುಡುಗನಂತೆ ತಲೆ ತಗ್ಗಿಸಿ ಕೂತಿದ್ದ ಅದರ ಅಂಕಿ ಈ ಯುಗಾದಿ ಕಳೆಯುತ್ತಲೇ ಸ್ವಲ್ಪ ತಲೆ ಎತ್ತಿತು. "ಎಲ್ಲ್ಯೋ ಒಂದ್ಕಡಿ ಉಳದಿರಬೋದು ಸರ್, ಇಲ್ದೇನೂ ಇರಬೋದು. ಪೆಟ್ ಸ್ಕ್ಯಾನ್ ಮಾಡಿದ್ರ ಗೊತ್ತಾಕೈತಿ" ಎಂದರು ಬಳ್ಳಾರಿಯ ಡಾಕ್ಟರು.

ಅವರು ಕೊಟ್ಟ ದಿನವೇ ನಿನ್ನ ಕುಬುಸದ ದಿನ! "ಬ್ಯಾರೆ ದಿನ ಕೇಳ್ರೀ, ಸಿರುಗುಪ್ಪದಾಗ ಇನ್ಯಾರೂ ಹಿಂಗ ಮಾಡಂಗಿಲ್ಲ" ಎಂದು ನಿನ್ನ ಅಜ್ಜಿ ಹಟ ಹಿಡಿದಳು. ನಾನು ಒಪ್ಪಲಿಲ್ಲ. ಮಗಳ ಹೊಟ್ಟೆಯಲ್ಲಿ ನೀನು, ನನ್ನ ಹೊಟ್ಟೆಯಲ್ಲಿ ಅನುಮಾನ. ಎರಡನ್ನೂ ಎಷ್ಟು ದಿನ ಹೊರುವುದು? ನೀನು ಬಂದಾಗ ನಿನ್ನನ್ನು ಎತ್ತಿಕೊಳ್ಳುವ ತಾತ ಗಟ್ಟಿ ಇರುತ್ತಾನೋ, ಗೋಡೆಗೆ ಒರಗಿ ಕೂತು ನೋಡುತ್ತಾನೋ, ಹಾರ ಹಾಕಿದ ಫೋಟೋ ಆಗಿರುತ್ತಾನೋ? ಅದನ್ನು ಆ ಸ್ಕ್ಯಾನ್ ಹೇಳಬೇಕಿತ್ತು. ಅಜ್ಜಿ ಬುಟ್ಟಿ ಹೊತ್ತು ನಿನ್ನ ಅಪ್ಪನ ಊರು ಕುರುಗೋಡಿಗೆ ಹೋದಳು. ನಾನು ಕರ್ಜಿಕಾಯಿ ಹೊತ್ತು ಬಳ್ಳಾರಿಗೆ.

ಅಲ್ಲಿ ಕೈಗೆ ಒಂದು ಸೂಜಿ ಚುಚ್ಚಿದರು. ಆ ಔಷಧ ಮೈಯೆಲ್ಲ ಸುತ್ತಿ, ವೈರಿ ಎಲ್ಲಿ ಅಡಗಿದ್ದಾನೋ ಅಲ್ಲಿ ಹೋಗಿ ದೀಪ ಹಚ್ಚುತ್ತದಂತೆ. ಮಿಕ್ಕಿದ್ದು ಮೂತ್ರದಲ್ಲಿ ಹೊರಗೆ. ಒಬ್ಬನನ್ನೇ ಕೋಣೆಯಲ್ಲಿ ಕೂಡಿಸಿ ನೀರು ಕುಡಿಸುತ್ತಲೇ ಇದ್ದರು. ಕದ್ದ ಮಾಲು ವಿಲೇವಾರಿಯಾದದ್ದು ಅಲ್ಲೇ. ಯಂತ್ರ ನಡೆಸುವ ಹುಡುಗಿಯ ಹೆಸರು ರಶ್ಮಿ. "ತಾತಾ, ಇವತ್ತೊಂದಿನ ಬಸುರೇರು, ಸಣ್ಣ ಮಕ್ಕಳು, ಇವರ ಹತ್ರ ಹೋಗಬ್ಯಾಡ್ರಿ. ನಿಮ್ಮ ಮೈಯಾಗ ಕಿರಣ ಇರ್ತಾವ" ಎಂದಳು. "ರಶ್ಮಿ ಅಂತ ಹೆಸರಿಟ್ಕೊಂಡು ನೀನೇ ದಿನಾ ಎಲ್ಲರ ಹತ್ರ ಹೋಗ್ತೀಯಲ್ಲವ್ವ" ಎಂದೆ. ನಕ್ಕಳು. ಕುಬುಸದ ಕಥೆ ಹೇಳಿದ ಮೇಲೆ ನಗಲಿಲ್ಲ.

ಯಂತ್ರದ ಸುರಂಗದಿಂದ ಹೊರಬಂದು ಮಂಚದ ಮೇಲೆ ಮಲಗಿದ್ದೇನೆ. ಗಾಜಿನಾಚೆ ರಶ್ಮಿ ಡಾಕ್ಟರನ್ನು ಕರೆದಳು. ಬಾಗಿಲು ಓರೆಯಾಗಿತ್ತು. "ಬಲಗಡಿ ತೊಡಿ ಮ್ಯಾಲ ಏನೋ ಹೊಳಿಯಾಕತ್ತೈತಿ, ನೋಡ್ರಿ ಮೇಡಂ." ನನಗೆ ಕೇಳಿಸಿತು ಮಗುವೇ. ಆ ಕ್ಷಣದಲ್ಲಿ ನನಗೆ ಒಂದೂ ಶ್ಲೇಷೆ ಹೊಳೆಯಲಿಲ್ಲ. ನಿನ್ನ ಮುಖ ಹೇಗಿರಬಹುದು ಎಂದು ಊಹಿಸಲು ನೋಡಿದೆ, ಅದೂ ಆಗಲಿಲ್ಲ. ಒಳಗೆ ಬಂದು ಏನೋ ಸಣ್ಣ ಏರ್ಪಾಡು ಮಾಡಿ ಮತ್ತೆ ಸುರಂಗಕ್ಕೆ ನೂಕಿದರು. ಎರಡನೆಯ ಚಿತ್ರದಲ್ಲಿ ಆ ಹೊಳಪು ಮಾಯ!

ಸಂಜೆ ಕುರುಗೋಡಿನಲ್ಲಿ ನಾನು ನಿಮ್ಮ ಮನೆಯೊಳಗೆ ಕಾಲಿಡದೆ ಎದುರುಮನೆಯ ಮಾಳಿಗೆ ಹತ್ತಿದೆ. ನಿನ್ನ ಅಪ್ಪನ ಅಪ್ಪ, ನಮ್ಮ ಬೀಗರು ಗಾದಿಲಿಂಗಪ್ಪ, ಅಂಗಳದಿಂದಲೇ ಕೂಗಿದರು: "ಏನ್ ಬೀಗ್ರೇ, ಮಾಳಿಗಿ ಮ್ಯಾಲ ಕುಂತು ಕಾಗಿ ಓಡಸಾಕತ್ತೀರೇನು?" ನಾನೂ ಮೇಲಿಂದಲೇ ಉತ್ತರ ಕೊಟ್ಟೆ: "ಕಾಗಿ ಅಲ್ರೀ, ಕ್ಯಾನ್ಸರ್ ಓಡಿಸಿ ಬಂದೀನಿ! ಕಣ್ಣ ಮುಂದ ಹೊಳಿತಿತ್ತು, ನನ್ನ ಧೈರ್ಯ ನೋಡಿ ಓಡಿಹೋತು!" ಓಣಿಗೆ ಓಣಿಯೇ ನಕ್ಕಿತು. ಚಪ್ಪರದ ಕೆಳಗೆ ಹಸಿರು ಸೀರೆ, ಹಸಿರು ಬಳೆಯಲ್ಲಿ ಕೂತ ನಿನ್ನ ಅವ್ವ ತಲೆ ಎತ್ತಿ, ಹೊಟ್ಟೆಯ ಮೇಲೆ ಕೈಯಿಟ್ಟು ನನಗೆ ನಿನ್ನನ್ನು ತೋರಿಸಿದಳು. "ಅಲ್ಲಿಂದಾನ ಅಕ್ಕಿಕಾಳು ಹಾಕ್ರಿ!" ಎಂದಳು ಅಜ್ಜಿ. ಎಸೆದೆ. ಗಾಳಿ ನನ್ನ ಆಶೀರ್ವಾದವನ್ನೆಲ್ಲ ಒಯ್ದು ಬೀಗರ ಬೋಳುತಲೆಗೆ ಸುರಿಯಿತು. ನಿನ್ನ ಪಾಲಿನದನ್ನು ಅವರಿಂದ ವಸೂಲಿ ಮಾಡಿಕೋ.

ಇವತ್ತು ರಿಪೋರ್ಟ್ ಬಂತು. ಎಲ್ಲೂ ಏನೂ ಕಾಣಿಸಿಲ್ಲ! ತಲೆಯಿಂದ ತೊಡೆಯವರೆಗೆ ಹುಡುಕಿ ಬರಿಗೈಯಲ್ಲಿ ವಾಪಸಾಗಿದ್ದಾರೆ! ಅಂಕಿಯ ಮೇಲೆ ಕಣ್ಣಿಡಬೇಕು, ಮತ್ತೆ ರಕ್ತ ಕೊಡಬೇಕು, ಕೊಡೋಣ, ಅದಕ್ಕೇನಂತೆ! ಅಜ್ಜಿ ಅಡುಗೆಮನೆಯಲ್ಲಿ ಅಳುತ್ತ ಶಿರಾ ಕಲಕುತ್ತಿದ್ದಾಳೆ. ನಾನು ಇದುವರೆಗೆ ಬೀಗರಿಗೆ ಮೂರು ಸಲ ಫೋನ್ ಮಾಡಿ ಅದೇ ಧೈರ್ಯದ ಕಥೆ ಹೇಳಿದ್ದೇನೆ. ಪ್ರತಿ ಸಲವೂ ಆ ಹೊಳಪು ಇನ್ನಷ್ಟು ದೊಡ್ಡದಾಗಿದೆ.

ನಿನಗೆ ಮಾತ್ರ ನಿಜ ಹೇಳುತ್ತೇನೆ, ಹೊಟ್ಟೆಯೊಳಗೇ ಇಟ್ಟುಕೋ. ಆಪರೇಷನ್ ಆದಾಗಿನಿಂದ ನನ್ನ ನಲ್ಲಿಯ ವಾಷರ್ ಸಡಿಲ. ಸುರಂಗದೊಳಗೆ ಯಂತ್ರ ಗುರ್ ಎಂದಾಗ ಹೆದರಿ ತಡೆಯಲಾಗಲಿಲ್ಲ. ಆ ಔಷಧ ಮೂತ್ರದಲ್ಲೂ ಹೊಳೆಯುತ್ತದಲ್ಲ? ರಶ್ಮಿ ಒಳಗೆ ಬಂದು, ಒಣಗಿದ ಬಟ್ಟೆ ಕೈಗೆ ಕೊಟ್ಟು, ಮೆಲ್ಲಗೆ ಹೇಳಿದ್ದು ಇಷ್ಟು: "ಕ್ಯಾನ್ಸರ್ ಅಲ್ಲ ತಾತಾ. ಪೈಜಾಮ."

ಕೈಕಾಲು ಗಟ್ಟಿಯಾಗಿ, ದೊಡ್ಡ ದನಿಯಲ್ಲಿ ಅಳುತ್ತ ಬಾ ಕಂದಾ. ನನ್ನ ತೊಡೆಯ ಮೇಲೆ ಧಾರಾಳವಾಗಿ ಒದ್ದೆ ಮಾಡು; ಇಬ್ಬರದೂ ನಿನ್ನ ಹೆಸರಿನಲ್ಲೇ ಹೋಗಲಿ.

ಕಿರಣ ಇಳಿದು, ಕಾಲು ಮಾತ್ರ ನೆಲಕ್ಕೆ ತಾಗದಿರುವ
ನಿನ್ನ ತಾತ,
ಜಂಬುನಾಥ
ಸಿರುಗುಪ್ಪ