ಎರಡು ಬ್ಯಾಟರಿಗಳ ನಡುವಿನ ತಂತಿ

ವರ್ಕ್‌ಶಾಪಿನಿಂದ,
ಭಾನುವಾರ ಮಧ್ಯಾಹ್ನ

ನನ್ನ ಫ್ಯೂಸಮ್ಮಾ,

ಚಿಕ್ಕವಳಿದ್ದಾಗ ನೀನು ಮಾತುಮಾತಿಗೂ ಸಿಡಿಯುತ್ತಿದ್ದೆ ಅಂತ ಇಟ್ಟ ಹೆಸರು ಇದು. ಒಂದು ವರ್ಷದಿಂದ ನೀನು ಸಿಡಿದೇ ಇಲ್ಲ. ಈ ಕಾಗದ ಓದಿದ ಮೇಲೆ ಸಿಡಿ. ನಾನು ಬೇಡವೆನ್ನುವುದಿಲ್ಲ.

ಹಿಂದಿನ ಕಾಗದದಲ್ಲಿ ನೀನು, ಹಾಸ್ಟೆಲ್ ಕೋಣೆಗೆ ಬೀಗ ಹಾಕಿದ ಮೇಲೂ ಮೂರು ಸಲ ವಾಪಸ್ ಹೋಗಿ ಸ್ವಿಚ್ಚು ನೋಡುತ್ತೇನೆ, ಪಕ್ಕದ ಕೋಣೆಯವರು ನಗುತ್ತಾರೆ ಎಂದು ತಮಾಷೆಯಾಗಿ ಬರೆದಿದ್ದೀಯ. ನನಗೆ ನಗು ಬರಲಿಲ್ಲ.

ಹೋದ ವರ್ಷ ನಾವು ಮೂವರೂ ಹೋದ ಗಾಡಿ ನೆನಪಿದೆಯಲ್ಲ, ಹಳೇ ವ್ಯಾನಿಗೆ ಹಾಸಿಗೆ, ಒಲೆ, ಫ್ರಿಜ್ ಕೂರಿಸಿ ನಾನೇ ಮಾಡಿದ ಮೋಟಾರ್‌ಹೋಮ್ ಅದು. ಮನೆಗಾಡಿ ಎನ್ನುತ್ತಿದ್ದಳು ನಿನ್ನಮ್ಮ. ಅದರಲ್ಲಿ ಎರಡು ಬ್ಯಾಟರಿ. ಒಂದು ಎಂಜಿನ್ ಸ್ಟಾರ್ಟ್ ಮಾಡುವುದಕ್ಕೆ ಮಾತ್ರ. ಇನ್ನೊಂದು ಮನೆಯದು, ದೀಪಕ್ಕೆ, ಫ್ರಿಜ್ಜಿಗೆ. ಎಂಜಿನ್ ಓಡುವಾಗ ನಡುವಿನ ರಿಲೇ ಎರಡನ್ನೂ ಸೇರಿಸುತ್ತದೆ, ಎರಡೂ ಚಾರ್ಜ್ ಆಗುತ್ತವೆ. ಎಂಜಿನ್ ನಿಂತೊಡನೆ ಬೇರೆ ಮಾಡುತ್ತದೆ. ಮನೆ ಬ್ಯಾಟರಿ ಪೂರಾ ಸತ್ತರೂ ಎಂಜಿನ್ನಿನದು ಮುಟ್ಟದೆ ಉಳಿಯಬೇಕು. ಇಷ್ಟು ಕೆಲಸ ಅದರದು.

ಹೊರಡುವ ಹಿಂದಿನ ದಿನ ಆ ರಿಲೇ ಸುಟ್ಟುಹೋಗಿತ್ತು. ಅಂಗಡಿಯಲ್ಲಿ ಕೇಳಿದರೆ ವಾರ ಆಗುತ್ತದೆ ಅಂದರು. ಕೆಲಸದ ನೆಪ ಹೇಳಿ ಎರಡು ಸಲ ಪ್ರಯಾಣ ಮುಂದೂಡಿದ್ದೆ. ನಿನ್ನಮ್ಮ ಬಟ್ಟೆ ಮಡಿಸಿ ಇಟ್ಟಿದ್ದಳು. ಮೂರನೇ ಸಲ ಹೇಳಲು ಬಾಯಿ ಬರಲಿಲ್ಲ. ರಿಲೇ ಬದಲು ಎರಡೂ ಬ್ಯಾಟರಿಗಳನ್ನು ಸೇರಿಸಿ ಒಂದು ದಪ್ಪ ತಂತಿ ಕಟ್ಟಿಬಿಟ್ಟೆ. ಗಿರಾಕಿಯ ಗಾಡಿಯಲ್ಲಿ ಇಂಥದ್ದು ಕಂಡಿದ್ದರೆ, ಯಾವ ಕತ್ತೆ ಕಟ್ಟಿದ್ದು ಅಂತ ಬೈಯುತ್ತಿದ್ದೆ.

ಅಲ್ಲಿಂದ ಎರಡು ಬ್ಯಾಟರಿ ಒಂದೇ ಆದವು. ಕೆರೆಯ ದಡದಲ್ಲಿ ಮೂರು ದಿನ ನಿಂತೆವು. ಮನೆಯ ಜೊತೆ ಎಂಜಿನ್ನಿನದೂ ಬರಿದಾಯಿತು. ಮೂರನೆಯ ಮಧ್ಯಾಹ್ನ ನಿನ್ನಮ್ಮ ಎದೆ ಹಿಡಿದುಕೊಂಡು ಕೂತಳು. ನಾನು ಕೀಲಿ ತಿರುಗಿಸಿದೆ. ಟಿಕ್ ಎಂದಿತು, ಅಷ್ಟೇ. ಇಪ್ಪತ್ತು ವರ್ಷ ಬೇರೆಯವರ ಗಾಡಿ ಸ್ಟಾರ್ಟ್ ಮಾಡಿಕೊಟ್ಟ ಕೈ ಇದು. ಬೇಗ ಹೊರಡೋಣ ರೀ ಎಂದು ಅವಳು ಎರಡು ಸಲ ಹೇಳಿದಳು. ಆಮೇಲೆ ಹೇಳಲಿಲ್ಲ. ನಾನು ರಸ್ತೆಗೆ ಓಡಿ ಲಾರಿ ಡ್ರೈವರನನ್ನು ಕರೆತಂದು, ಅವನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಆಸ್ಪತ್ರೆಯ ದಾರಿಯಲ್ಲೇ ಹೋದಳು.

ಆಸ್ಪತ್ರೆಯ ಪಡಸಾಲೆಯಲ್ಲಿ ನಿನ್ನತ್ತೆ ಯಾಕಿಷ್ಟು ತಡವಾಯ್ತು ಎಂದು ಕೇಳಿದಾಗ ನಾನು ಹೇಳಿದ್ದು ನಿನಗೆ ನೆನಪಿದೆ. ಮಗು ಫ್ರಿಜ್ ಆರಿಸೋದು ಮರೆತಿದ್ದಾಳೆ, ಅದಕ್ಕೇ ಬ್ಯಾಟರಿ ಇಳಿದುಹೋಯ್ತು ಅಂದೆ. ನೀನು ಅಲ್ಲೇ ನಿಂತಿದ್ದೆ. ಮಾರನೇ ದಿನ ಯಾರೂ ನೋಡುವ ಮೊದಲೇ ತಂತಿ ಬಿಚ್ಚಿಟ್ಟೆ. ಅದು ಇವತ್ತಿಗೂ ನನ್ನ ಟೂಲ್‌ಬಾಕ್ಸಿನ ತಳದಲ್ಲಿದೆ.

ನೀನು ಮರೆತಿದ್ದರೂ ಏನಾಗುತ್ತಿತ್ತು? ಹಾಲು ಒಡೆಯುತ್ತಿತ್ತು, ದೀಪ ಹೋಗುತ್ತಿತ್ತು. ರಿಲೇ ಇದ್ದಿದ್ದರೆ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಮರೆವು ಯಾರಿಗಿಲ್ಲ? ತಪ್ಪು ನನ್ನದು. ಅತ್ತೆಗೂ ಇವತ್ತೇ ಬರೆಯುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ‘ನೀನು ಮರೆತಿದ್ದರೂ’ ಎಂದು ಬರೆದಿದ್ದೇನಲ್ಲ, ಅದೂ ಸುಳ್ಳು. ಹೊಡೆದುಹಾಕುವುದಿಲ್ಲ, ನಿನ್ನಪ್ಪ ಎಂಥವನೆಂದು ನಿನಗೆ ಗೊತ್ತಿರಲಿ. ಎರಡನೇ ದಿನ ಊಟವಾದ ಮೇಲೆ ನೀನು ನನ್ನ ಕಣ್ಣೆದುರೇ ಫ್ರಿಜ್ ಆರಿಸಿದ್ದೆ. ನೀವಿಬ್ಬರೂ ನೀರಿನ ಹತ್ತಿರ ಹೋದಾಗ ನಾನೇ ಮತ್ತೆ ಹಾಕಿದೆ. ತಣ್ಣೀರು ಕುಡಿಯಬೇಕೆನಿಸಿತ್ತು. ಆಮೇಲೆ ಆರಿಸಲೇ ಇಲ್ಲ. ನೀನು ಏನನ್ನೂ ಮರೆತಿರಲಿಲ್ಲ, ಮಗಳೇ. ಇನ್ನು ಮೇಲೆ ಒಂದೇ ಸಲ ನೋಡಿ ಬೀಗ ಹಾಕು.