ನಮ್ಮೂರ ಗೇಟಿನ ಸೊನ್ನೆ

ನಂಗಲಿ ಹತ್ತಿರ, ಮುಳಬಾಗಿಲು ತಾಲ್ಲೂಕು
೧೪ ನವೆಂಬರ್ ೨೦೨೪

ತಂಗಿ ಸುನಂದಾ,

ಊಟ ಮುಗಿಸಿ, ಬಾಗಿಲು ಹಾಕಿಕೊಂಡು, ಒಬ್ಬಳೇ ಕೂತು ಇದನ್ನು ಓದು. ನಿನ್ನ ಮಗಳು ಶ್ರುತಿ ನಮ್ಮ ಮನೆಯಲ್ಲಿ ಚೆನ್ನಾಗಿದ್ದಾಳೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಮುಂದಿನ ಸಾಲು ಓದುವುದಿಲ್ಲ. ಫೋನಿರುವಾಗ ಕಾಗದ ಏಕೆ ಎನ್ನುತ್ತೀಯ. ಫೋನಿನಲ್ಲಾದರೆ ನಾನು ಮಾತಾಡಿ ಗೆದ್ದುಬಿಡುತ್ತೇನೆ ಕಣೇ. ಓದಿದ್ದು ಏಳನೇ ಕ್ಲಾಸು, ಬದುಕಿದ್ದು ಬಾಯಿಂದ. ಈ ವಿಷಯದಲ್ಲಿ ನಾನು ಗೆಲ್ಲಬಾರದು.

ನಮ್ಮೂರ ಗೇಟಿನಲ್ಲಿ, ಊರ ರಸ್ತೆ ಹೈವೇಗೆ ಸೇರುವ ಕಡೆ, ಅಂಡರ್‌ಪಾಸ್ ಬೇಕೆಂದು ಹೈವೇ ಆಫೀಸಿಗೆ ಅರ್ಜಿ ಹಿಡಿದುಕೊಂಡು ಹೋಗಿದ್ದೆವು. ಮುಂದೆ ನಾನೇ, ನನ್ನನ್ನು ಬಿಟ್ಟು ಈ ಊರಲ್ಲಿ ಯಾವ ಅರ್ಜಿ ಮೇಲೆದ್ದಿದೆ? ಇಂಜಿನಿಯರ್ ಕಂಪ್ಯೂಟರ್ ನೋಡಿ ನಕ್ಕರು. "ಏನ್ರೀ ಸುಬ್ರಮಣಿ, ನಿಮ್ ಗೇಟಲ್ಲಿ ಒಂದು ಸಾವೂ ಇಲ್ವಲ್ರೀ. ಸಾಯೋ ಜಾಗಗಳಿಗೇ ಕಟ್ಟಿ ಪೂರೈಸಕ್ಕಾಗ್ತಿಲ್ಲ, ಬದುಕಿರೋರಿಗೆ ಎಲ್ಲಿಂದ ತರ್ಲಿ?"

ನಂಬದೆ ಮನೆಗೆ ಬಂದು ಶ್ರುತಿಯ ಫೋನಿನಲ್ಲಿ ರಸ್ತೆ ಸಾವುಗಳ ಲೆಕ್ಕ ತೋರಿಸುವ ಸರ್ಕಾರಿ ವೆಬ್‌ಸೈಟ್ ತೆಗೆಸಿದೆ. ಜಿಲ್ಲೆ ಯಾವುದು, ತಾಲ್ಲೂಕು ಯಾವುದು, ಯಾವ ರಸ್ತೆ, ಎಷ್ಟನೇ ಕಿಲೋಮೀಟರು, ಯಾವ ವರ್ಷ, ಸತ್ತವರು ನಡೆದು ಹೋಗುತ್ತಿದ್ದವರೋ ಗಾಡಿಯವರೋ ಎಂದು ಒಂದೊಂದೇ ಕೇಳುತ್ತದೆ, ಸಂತೆಯಲ್ಲಿ ಹಸು ಕೊಳ್ಳುವವನು ಕೇಳಿದ ಹಾಗೆ. ಎಲ್ಲ ಒತ್ತಿದಳು. ಸೊನ್ನೆ. ಹಿಂದಿನ ವರ್ಷ? ಸೊನ್ನೆ. ಐದು ವರ್ಷ ಹಿಂದಕ್ಕೆ ಹೋದರೂ ಅದೇ ಸೊನ್ನೆ. "ನೋಡ್ದ್ಯಾ ಮಾವ, ಜನ ಸುಮ್ನೆ ಹೆದರಿಸ್ತಾರೆ. ನಮ್ ಗೇಟು ಸೇಫು," ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾಲೇಜಿಗೆ ಹೊರಟಳು. ಬಸ್ಸು ಹತ್ತಲು ಅದೇ ಹೈವೇ ದಾಟಬೇಕು.

ಲೆಕ್ಕದಲ್ಲಿ ನಾನು ತಪ್ಪುವವನಲ್ಲ. ಈ ಐದು ವರ್ಷದಲ್ಲಿ ಅಲ್ಲಿ ಮೂರು ಜನ ಸತ್ತಿದ್ದಾರೆ. ಮುನಿನಾರಾಯಣಪ್ಪ ಹಿಪ್ಪುನೇರಳೆ ಸೊಪ್ಪು ಹೊತ್ತು ದಾಟುವಾಗ ಲಾರಿ ತಗುಲಿ, ನಲವತ್ತೊಂದು ದಿನ ಮಲಗಿ ಹೋದ. ಮೂವತ್ತು ದಿನದೊಳಗೆ ಸತ್ತರೆ ಮಾತ್ರ ರಸ್ತೆ ಸಾವಂತೆ. ಪಾಪ, ಹನ್ನೊಂದು ದಿನ ಹೆಚ್ಚಿಗೆ ಬದುಕಿ ಪಟ್ಟಿಯಿಂದ ಜಾರಿದ. ಅಕ್ಕಯಮ್ಮ ಡೈರಿಗೆ ಹಾಲು ಒಯ್ಯುವಾಗ ಗಾಡಿ ತಗುಲಿ ಅಲ್ಲೇ ಹೋದಳು. ಅವಳ ಮಕ್ಕಳು, "ಅಣ್ಣಾ, ನಮ್ಮಮ್ಮನ್ನ ಕುಯ್ಯೋದು ಬೇಡ, ನೀನೇ ಏನಾದ್ರೂ ಮಾತಾಡು," ಎಂದು ಕಾಲು ಹಿಡಿದರು. ತಲೆ ತಿರುಗಿ ಬಿದ್ದಳು ಎಂದು ಬರೆಸಿದೆ. ಪೋಸ್ಟ್‌ಮಾರ್ಟಂ ತಪ್ಪಿಸುವುದರಲ್ಲಿ ನನ್ನಷ್ಟು ಪಳಗಿದವನು ಈ ಸುತ್ತಿನಲ್ಲಿಲ್ಲ. ಅದನ್ನು ಪುಣ್ಯದ ಕೆಲಸ ಎಂದೇ ತಿಳಿದಿದ್ದೆ.

ಮೂರನೆಯವರು ಭಾವ.

ಸುನಂದಾ, ನಿನ್ನ ಯಜಮಾನರು ಒಣಬಾವಿಗೆ ಬೀಳಲಿಲ್ಲ. ಆ ದಿನ ನೀನು ಅಮ್ಮನ ಆಪರೇಷನ್ನಿಗೆಂದು ಮಾಲೂರಿಗೆ ಹೋಗಿದ್ದೆ. ಬೆಳಗಿನ ಮಂಜಿನಲ್ಲಿ ಗೇಟು ದಾಟುವಾಗ ಗಾಡಿ ಹೊಡೆಯಿತು. ಮಂಜಿನಲ್ಲಿ ಯಾವ ಗಾಡಿ ಎಂದು ಹೇಗೆ ಹೇಳಲಿ? ಆಗಲೇ ಉಸಿರಿರಲಿಲ್ಲ, ದೇವರಾಣೆ. ಅಲ್ಲಿದ್ದವರು ನಾನು ಮತ್ತು ಟೀ ಅಂಗಡಿಯ ಕಾಂತರಾಜ್, ಇಬ್ಬರೇ. ಎತ್ತಿಕೊಂಡು ಹೋಗಿ ಬಾವಿಯೊಳಗೆ ಇಳಿಸಿದೆವು. ಕಾಂತರಾಜ್ "ವದ್ದನ್ನಾ, ಬೇಡ, ಪಾಪ ಸುತ್ಕೊಳ್ತದೆ" ಎಂದು ಅಳುತ್ತಲೇ ಭಾವನ ಕಾಲಿನ ಕಡೆ ಹಿಡಿದು ಎತ್ತಿದ. ಕಾಲು ಜಾರಿ ಬಿದ್ದರೆಂದು ಬರೆಸಿ ಅಲ್ಲೂ ಪೋಸ್ಟ್‌ಮಾರ್ಟಂ ತಪ್ಪಿಸಿದೆ. ನೀನು ಬಂದಾಗ ಕೊಯ್ದ ದೇಹ ಕಾಣಬಾರದೆಂದು ಹೀಗೆ ಮಾಡಿದೆ ಎಂದು ಅವನಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ನಿನ್ನೆ ಶ್ರುತಿ ದಾಟುವುದನ್ನು ನಿಂತು ನೋಡಿದೆ. ತಲೆ ಎತ್ತಲಿಲ್ಲ. ಟ್ಯಾಂಕರಿನವನು ಹಾರ್ನ್ ಹೊಡೆದು ಬೈದರೆ ನಗುತ್ತಾ ಕೈ ಬೀಸಿದಳು. ಅವಳಪ್ಪ ಬಿದ್ದ ಜಾಗದಿಂದ ನಾಲ್ಕು ಮಾರು ದೂರ. ಕೂಗಲು ಬಾಯಿ ತೆರೆದೆ, ಮಾತು ಬರಲಿಲ್ಲ. ನನಗೆ!

ಮುಳಬಾಗಿಲಿನ ವಕೀಲರನ್ನು ಕೇಳಿದೆ. ಮುಚ್ಚಿಟ್ಟ ಸಾವನ್ನು ತನಿಖೆಗೆ ತರಲು ಹೆಂಡತಿಯೇ ದೂರು ಕೊಟ್ಟರೆ ಬಲವಂತೆ. ದೂರನ್ನು ಬರೆಸಿ ಇದರ ಜೊತೆ ಇಟ್ಟಿದ್ದೇನೆ. ನಮ್ಮ ಮನೆಯ ಸಾವು ಮೊದಲು ಲೆಕ್ಕಕ್ಕೆ ಹೋದರೆ ಅಕ್ಕಯಮ್ಮನ ಮಕ್ಕಳಿಗೂ ಬಾಯಿ ಬರುತ್ತದೆ. ಆಗ ಇಂಜಿನಿಯರ್ ನಗಲಾರರು. ಶ್ರುತಿಗೆ ನೀನೇ ಬಂದು ಹೇಳು. ಅಲ್ಲಿಯವರೆಗೆ ಬೆಳಿಗ್ಗೆ ಸಂಜೆ ನಾನೇ ಅವಳ ಕೈ ಹಿಡಿದು ದಾಟಿಸುತ್ತೇನೆ. ಗೆಳತಿಯರ ಮುಂದೆ ಮಾನ ಹೋಯಿತೆಂದು ಬೈದುಕೊಳ್ಳಲಿ.

ಕ್ಷಮಿಸು ಎಂದು ಎರಡು ಸಲ ಬರೆದು ಹೊಡೆದು ಹಾಕಿದ್ದೇನೆ.

ನಿನ್ನ ಅಣ್ಣ
ಸುಬ್ರಮಣಿ

ತಾ.ಕ.: ದೂರಿನಲ್ಲಿ ಗಾಡಿ ನಂಬರಿನ ಜಾಗ ಖಾಲಿ ಬಿಟ್ಟು ಅಂಚೆಗೆ ಹೊರಟವನು ಅರ್ಧ ದಾರಿಯಿಂದ ವಾಪಸ್ ಬಂದೆ. ಈಗ ತುಂಬಿದ್ದೇನೆ. ಆ ನಂಬರ್ ನಿನಗೆ ಗೊತ್ತು. ನಿನ್ನ ಮದುವೆ ಸಾಮಾನು ಹೊತ್ತು ತಂದ ನನ್ನ ಟೆಂಪೋದ್ದು. ಆ ಬೆಳಿಗ್ಗೆ ಓಡಿಸುತ್ತಿದ್ದವನು ನಾನು. ಇದನ್ನು ಓದಿದ ಮೇಲೆಯೇ ಸಹಿ ಹಾಕು, ಆದರೆ ಹಾಕು.